ಪದಚರ್ಚೆ: ಬ್ರೇಕ್ ಪ್ಯಾಡಿನ ‘ಅಸಮ ಸವೆತ’ ಅಂದರೆ ಎಲ್ಲಿ ಅಸಮ?

ನಮಸ್ಕಾರ. ಐಟಿಐ ವಿದ್ಯಾರ್ಥಿಗಳಿಗೆ ಸ್ಪೋರ್ಟ್ಸ್ ಕಾರಿನ ಬ್ರೇಕ್ ಬಗ್ಗೆ ಕನ್ನಡದಲ್ಲಿ ಪಾಠವೊಂದು ತಯಾರಾಗುತ್ತಿದೆ. ಅದರಲ್ಲಿ ‘ಪ್ಯಾಡುಗಳಲ್ಲಿ ಅಸಮ ಸವೆತ ಕಂಡರೆ ಕ್ಯಾಲಿಪರ್ ಪರೀಕ್ಷಿಸಿ’ ಎಂಬ ವಾಕ್ಯ ಬಂದಿದೆ. (ಪ್ಯಾಡ್ ಎಂದರೆ ಚಕ್ರದೊಂದಿಗೆ ತಿರುಗುವ ಡಿಸ್ಕನ್ನು ಎರಡೂ ಬದಿಯಿಂದ ಒತ್ತುವ ತುಂಡು, ಕ್ಯಾಲಿಪರ್ ಎಂದರೆ ಆ ಪ್ಯಾಡುಗಳನ್ನು ಹಿಡಿದು ಒತ್ತುವ ಭಾಗ.) ಈ ಪದ ಸರಿಯೇ, ‘ಸವಕಳಿ’ ಎನ್ನಬೇಕೇ? ಹಾಸನದ ಗ್ಯಾರೇಜುಗಳಲ್ಲಿ ಏನೆನ್ನುತ್ತಾರೆ? ಬಲ್ಲವರು ದಯವಿಟ್ಟು ತಿಳಿಸಿ.
– ಚಿಕ್ಕಮಗಳೂರಿನಿಂದ

ಉತ್ತರ, ಹಾಸನದಿಂದ:

ಸರ್, ‘ಸವಕಳಿ’ ಬೇಡ. ಆ ಪದ ಮಣ್ಣಿಗೂ ಲೆಕ್ಕಪತ್ರಕ್ಕೂ ಅಂಟಿಹೋಗಿದೆ. ಗ್ಯಾರೇಜಿನಲ್ಲಿ ‘ಪ್ಯಾಡ್ ಸವೆದಿದೆ’ ಅಂತಾರೆ, ಪೂರ್ತಿ ಹೋಗಿದ್ದರೆ ‘ಪ್ಯಾಡ್ ಖಾಲಿ’. ಹಾಗಾಗಿ ಸವೆತ ಇರಲಿ. ತೊಡಕಿರುವುದು ‘ಅಸಮ’ದಲ್ಲಿ. ಸವೆದ ಜಾಗ ಬೇರೆಯಾದರೆ ಕಾರಣವೂ ಬೇರೆ. ಎಲ್ಲಿ ಅಸಮ ಎಂದು ಹೇಳದಿದ್ದರೆ ಹುಡುಗರು ಯಾವ ಭಾಗ ಬಿಚ್ಚಬೇಕು?

ಮೊದಲು ಅಳತೆ. ಹಿಂಬದಿಯ ಉಕ್ಕಿನ ತಗಡನ್ನು ಬಿಟ್ಟು ಲೈನಿಂಗ್ (ಡಿಸ್ಕಿಗೆ ಉಜ್ಜುವ ಪದರ) ಮಾತ್ರ, ನಾಲ್ಕೂ ಮೂಲೆಯಲ್ಲಿ ವರ್ನಿಯರ್ (ದಪ್ಪ ಅಳೆಯುವ ಸಾಧನ) ಇಟ್ಟು ನೋಡಬೇಕು. ಹೊಸ ಪ್ಯಾಡಿನಲ್ಲಿ ಸಾಮಾನ್ಯವಾಗಿ 10ರಿಂದ 12 ಮಿ.ಮೀ. ಇರುತ್ತದೆ, 3 ಮಿ.ಮೀ.ಗೆ ಇಳಿದರೆ ಬದಲಿಸಬೇಕು. ಒಂದೇ ಚಕ್ರದ ಒಳ ಪ್ಯಾಡ್ 4, ಹೊರ ಪ್ಯಾಡ್ 8 ಎಂದು ಬಂದರೆ ಅದನ್ನು ‘ಒಳಬದಿ ಸವೆತ’ ಎಂದೇ ಬರೆಯಿರಿ. ಜಾರುವ ಕ್ಯಾಲಿಪರ್‌ನಲ್ಲಿ ಪಿಸ್ಟನ್ (ಬ್ರೇಕ್ ಎಣ್ಣೆಯ ಒತ್ತಡಕ್ಕೆ ಮುಂದೆ ಬಂದು ಪ್ಯಾಡನ್ನು ಒತ್ತುವ ಉರುಳೆ) ಇರುವುದು ಒಳಗಡೆ ಮಾತ್ರ. ಅದು ಒಳ ಪ್ಯಾಡನ್ನು ಒತ್ತಿದ ಮೇಲೆ ಇಡೀ ಕ್ಯಾಲಿಪರ್ ಪಿನ್ನುಗಳ ಮೇಲೆ ಜಾರಿ ಹೊರ ಪ್ಯಾಡನ್ನು ಎಳೆದು ತರಬೇಕು. ಪಿನ್ ಜಾಮ್ ಆದರೆ ಕೆಲಸವೆಲ್ಲ ಒಳ ಪ್ಯಾಡಿನ ಮೇಲೆ ಬೀಳುತ್ತದೆ. ಮಲೆನಾಡಿನ ಮಳೆಗಾಲದಲ್ಲಿ ತೋಟದ ರಸ್ತೆಯ ಕೆಸರು ಪಿನ್ನಿನ ಹರಿದ ರಬ್ಬರ್ ಬೂಟಿನೊಳಗೆ (ಪಿನ್ ಮುಚ್ಚುವ ಹೊದಿಕೆ) ಇಳಿದು ತುಕ್ಕು ಹಿಡಿಸುತ್ತದೆ. ಪಿನ್ ಬಿಚ್ಚಿ, ಒರೆಸಿ, ಬ್ರೇಕಿಗೆಂದೇ ಬರುವ ಸಿಲಿಕೋನ್ ಗ್ರೀಸ್ ತೆಳ್ಳಗೆ ಹಚ್ಚಬೇಕು. ಬೇರಿಂಗಿನ ಗ್ರೀಸ್ ಹಚ್ಚಿದರೆ ರಬ್ಬರ್ ಉಬ್ಬಿ ಪಿನ್ ಮತ್ತೆ ಬಿಗಿಯುತ್ತದೆ. ಎರಡು ಪಿನ್‌ಗಳಲ್ಲಿ ಒಂದಕ್ಕೆ ರಬ್ಬರ್ ಬುಷ್ (ಪಿನ್ನಿಗೆ ತೊಡಿಸಿದ ಸಣ್ಣ ರಬ್ಬರ್ ಕೊಳವೆ) ಇದ್ದರೆ ಮೇಲಿನದನ್ನು ಕೆಳಗೆ ಹಾಕಬಾರದು.

ಸ್ಪೋರ್ಟ್ಸ್ ಕಾರಿನ ಮುಂದಿನ ಚಕ್ರಗಳಲ್ಲಿ ಹೆಚ್ಚಾಗಿ ಎರಡೂ ಬದಿ ಪಿಸ್ಟನ್ ಇರುವ, ಜಾರದ ಕ್ಯಾಲಿಪರ್ ಇರುತ್ತದೆ, ನಾಲ್ಕೋ ಆರೋ ಪಿಸ್ಟನ್ನಿನದು. ಅಲ್ಲಿ ಜಾರುವ ಪಿನ್ನೇ ಇಲ್ಲ. ಒಂದು ಬದಿ ಹೆಚ್ಚು ಸವೆದಿದ್ದರೆ ಯಾವುದೋ ಪಿಸ್ಟನ್ ಸಿಕ್ಕಿಕೊಂಡಿದೆ, ಇಲ್ಲವೇ ಪ್ಯಾಡ್ ಕೂರುವ ಜಾಗದಲ್ಲಿ ತುಕ್ಕು, ಧೂಳು ಗಟ್ಟಿಯಾಗಿದೆ ಎಂದು ಹುಡುಕಬೇಕು.

ಒಂದೇ ಪ್ಯಾಡಿನ ಒಂದು ತುದಿ ತೆಳ್ಳಗೆ, ಇನ್ನೊಂದು ದಪ್ಪ ಇದ್ದರೆ ಅದು ‘ಓರೆ ಸವೆತ’. ತಿರುಗುವ ಡಿಸ್ಕ್ ಪ್ಯಾಡನ್ನು ತನ್ನೊಟ್ಟಿಗೆ ಎಳೆಯುತ್ತದೆ, ಡಿಸ್ಕ್ ಮೊದಲು ಒಳಹೊಗುವ ತುದಿ ಒಳಕ್ಕೆ ಕಚ್ಚುತ್ತದೆ, ಅಲ್ಲಿ ಬೇಗ ಸವೆಯುತ್ತದೆ. ಸ್ವಲ್ಪ ಓರೆ ಸಹಜ. ಇದನ್ನು ತಗ್ಗಿಸಲೆಂದೇ ಹಲವು ಕ್ಯಾಲಿಪರ್‌ಗಳಲ್ಲಿ ಆ ತುದಿಗೆ ಸಣ್ಣ ಪಿಸ್ಟನ್, ಆಚೆ ತುದಿಗೆ ದೊಡ್ಡದು ಕೊಟ್ಟಿರುತ್ತಾರೆ. ಎಡದ ಕ್ಯಾಲಿಪರನ್ನು ಬಲಕ್ಕೆ ಕಟ್ಟಿದರೆ ಈ ಏರ್ಪಾಟು ತಲೆಕೆಳಗಾಗಿ ಓರೆ ಇನ್ನೂ ಹೆಚ್ಚುತ್ತದೆ. ಸಾಮಾನ್ಯವಾಗಿ ಮೇಲಿರಬೇಕಾದ ಬ್ಲೀಡ್ ನಿಪ್ಪಲ್ (ಬ್ರೇಕ್ ಎಣ್ಣೆಯೊಳಗಿನ ಗಾಳಿ ಹೊರಬಿಡುವ ತಿರುಪು) ಕೆಳಕ್ಕೆ ಬಂದು ಗುಟ್ಟು ರಟ್ಟಾಗುತ್ತದೆ. ಎರಡೂ ತುದಿಗೆ ನಿಪ್ಪಲ್ ಇದ್ದರೆ ಗೊತ್ತೇ ಆಗುವುದಿಲ್ಲ.

ಇನ್ನೊಂದು ಮಾತು ಪಾಠದಲ್ಲಿ ಖಂಡಿತ ಬರಬೇಕು. ‘ಬ್ರೇಕ್ ಹಿಡೀತಿದೆ’ ಅಂದರೆ ಚೆನ್ನಾಗಿ ಕೆಲಸ ಮಾಡುತ್ತಿದೆ. ‘ಬ್ರೇಕ್ ಹಿಡ್ಕೊಂಡಿದೆ’ ಅಂದರೆ ಪೆಡಲ್ ಬಿಟ್ಟರೂ ಬಿಡುತ್ತಿಲ್ಲ. ಚಾರ್ಮಾಡಿ ಘಾಟಿ ಇಳಿದು ಬಂದ ಗಾಡಿಯ ಬಗ್ಗೆ ಈ ಎರಡರಲ್ಲಿ ಯಾವುದನ್ನು ಹೇಳಿದರು ಎಂಬುದು ಮುಖ್ಯ. ಹಿಡ್ಕೊಂಡಿದ್ದರೆ ಚಕ್ರ ಎತ್ತಿ ಕೈಯಲ್ಲಿ ತಿರುಗಿಸಿ, ಬಿಗಿಯಾಗಿದ್ದರೆ ಬ್ಲೀಡ್ ನಿಪ್ಪಲ್ ಸಡಿಲಿಸಿ. ಆಗ ಚಕ್ರ ಬಿಟ್ಟುಕೊಂಡರೆ ಒತ್ತಡ ಒಳಗೇ ಉಳಿದಿದೆ: ಬ್ರೇಕ್ ಎಣ್ಣೆ ಸಾಗುವ ಹೋಸ್ ಒಳಗೆ ಕಟ್ಟಿಕೊಂಡಿರಬಹುದು. ಬಿಡದಿದ್ದರೆ ಪಿಸ್ಟನ್ ಅಥವಾ ಪಿನ್. ಎಡ ಬಲ ಚಕ್ರಗಳ ನಡುವಿನ ವ್ಯತ್ಯಾಸಕ್ಕೂ ಹೆಚ್ಚಾಗಿ ಇದೇ ಕಾರಣ.

ಮರುಪ್ರಶ್ನೆ: ತುಂಬಾ ಉಪಕಾರವಾಯಿತು. ಓರೆ ಸವೆತದಲ್ಲಿ ಬೇಗ ಸವೆಯುವ ತುದಿಗೆ ‘ಮೇಲಿನ ತುದಿ’ ಎನ್ನಬಹುದೇ?

ಉತ್ತರ: ಬೇಡಿ ಸರ್, ತಪ್ಪಾಗುತ್ತದೆ. ಗಾಡಿ ಮುಂದಕ್ಕೆ ಹೋಗುವಾಗ ಚಕ್ರದ ಮುಂಭಾಗ ಕೆಳಕ್ಕೆ, ಹಿಂಭಾಗ ಮೇಲಕ್ಕೆ ಚಲಿಸುತ್ತದೆ. ಕ್ಯಾಲಿಪರ್ ಆಕ್ಸಲ್‌ನ ಮುಂದೆ ಇದ್ದರೆ ಡಿಸ್ಕ್ ಮೇಲಿನಿಂದ ಒಳಹೊಗುತ್ತದೆ, ಹಿಂದೆ ಇದ್ದರೆ ಕೆಳಗಿನಿಂದ. ‘ಡಿಸ್ಕ್ ಒಳಹೊಗುವ ತುದಿ’, ‘ಡಿಸ್ಕ್ ಹೊರಬೀಳುವ ತುದಿ’ ಎಂದು ಉದ್ದಕ್ಕೇ ಬರೆಯಿರಿ, ಪಕ್ಕದಲ್ಲಿ ತಿರುಗುವ ದಿಕ್ಕಿಗೆ ಬಾಣ ಹಾಕಿದ ಚಿತ್ರವಿರಲಿ.