ಸಹಾಯ ಬೇಕು: ಗೇಟಿಗೆ ಬರುವ ಪ್ರಚಾರಕರಿಗೆ ಏನು ಹೇಳಲಿ?

ನಮ್ಮದು ಕೇರಳದ ಕಾಸರಗೋಡು ಜಿಲ್ಲೆಯ ಕುಂಬಳೆ ಹತ್ತಿರ. ಎರಡು ವರ್ಷದಿಂದ ನನಗೆ ದೇವಸ್ಥಾನಕ್ಕಿಂತ ಹಿತ್ತಿಲ ನಾಗಬನ, ಮಳೆ, ಅಮಾವಾಸ್ಯೆ ಇವೇ ಪೂಜೆ. ಇದಕ್ಕೆ ಪೇಗನ್ ಅಂತ ಹೆಸರಂತೆ. ಲ್ಯಾಟಿನ್‌ನ ‘ಪಾಗಾನುಸ್’ ಅಂದರೆ ಹಳ್ಳಿಯವ. ಸರಿಯಾಗೇ ಇದೆ ಬಿಡಿ!

ತೊಂದರೆ ಏನೆಂದರೆ, ಪ್ರತಿ ಭಾನುವಾರ ಸಂಜೆ ಇಬ್ಬರು ಸುವಾರ್ತೆ ಹೇಳಲು ಬರುತ್ತಾರೆ. ಬೇಡ ಅಂದರೂ ಕರಪತ್ರ. ಮೊನ್ನೆ ನಾಗನ ಕಲ್ಲು ತೋರಿಸಿ ‘ಸೈತಾನ’ ಅಂದುಬಿಟ್ಟರು. ಅಜ್ಜಿ ರಾತ್ರಿ ಊಟ ಮಾಡಲಿಲ್ಲ. ನಾನೂ ಕೂಗಾಡಿದೆ, ಈಗ ನಾಚಿಕೆ. ಪಕ್ಕದ ಮನೆಯ ಬಾಯಮ್ಮನೂ ಚರ್ಚಿಗೆ ಹೋಗುವವರೇ, ಒಂದು ದಿನ ಹೀಗಂದವರಲ್ಲ.

ಸಂವಿಧಾನದ 25ನೇ ವಿಧಿಯಲ್ಲಿ ಪ್ರಚಾರದ ಹಕ್ಕೂ ಇದೆ, ಗೊತ್ತು. ಆದರೆ ಜಗಳವಿಲ್ಲದೆ ಗೇಟಿನಲ್ಲೇ ನಿಲ್ಲಿಸುವುದು ಹೇಗೆ? ಕನ್ನಡ, ಮಲಯಾಳ ಎರಡರಲ್ಲೂ ಬೋರ್ಡು ಹಾಕಿದವರಿದ್ದರೆ, ಏನಂತ ಬರೆದಿರಿ?