ಹಲಸಿನ ಹಲಗೆಯ ಮೇಲೆ ಸುರಿದ ಎಪಾಕ್ಸಿ ಐದು ದಿನವಾದರೂ ಗಟ್ಟಿಯಾಗಿಲ್ಲ

ತುಂಗಾತೀರ:
ನಮಸ್ಕಾರ. ತೀರ್ಥಹಳ್ಳಿಯ ನಮ್ಮ ಮನೆಯ ಅಟ್ಟದಲ್ಲಿದ್ದ ಹಳೆಯ ಹಲಸಿನ ಹಲಗೆಯಿಂದ ಟೀಪಾಯಿ ಮಾಡಿಸಿ, ಮೇಲೆ ಪಾರದರ್ಶಕ ಎಪಾಕ್ಸಿ (ಎರಡು ದ್ರವ ಬೆರೆಸಿದಾಗ ಗಟ್ಟಿಯಾಗುವ ಲೇಪ) ಸುರಿದು ಇಂದಿಗೆ ಐದು ದಿನವಾಯಿತು. 72 ಗಂಟೆಗಳಲ್ಲಿ ಬಳಸಬಹುದೆಂದು ಡಬ್ಬಿಯ ಮೇಲಿದೆ. ನನ್ನದು ಜೋನಿಬೆಲ್ಲ ಸವರಿದ ಹಾಗೆ ಅಂಟುತ್ತಿದೆ; ಬೆರಳಿಟ್ಟರೆ ಗೆರೆಗಳೆಲ್ಲ ಅಚ್ಚೊತ್ತುತ್ತವೆ. ನಿನ್ನೆ ರಾತ್ರಿ ದೀಪಕ್ಕೆ ಬಂದ ಹಾತೆಯೊಂದು ಅದರ ಮೇಲೆ ಕೂತು, ರೆಕ್ಕೆಗಳನ್ನು ಅಲ್ಲೇ ಬಿಟ್ಟು ಹೋಗಿದೆ. ಅಳತೆ ಡಬ್ಬಿಯಲ್ಲಿರುವಂತೆ ಎರಡಕ್ಕೆ ಒಂದು (ರಾಳ ಎರಡು ಪಾಲು, ಅದನ್ನು ಗಟ್ಟಿಯಾಗಿಸುವ ಹಾರ್ಡ್ನರ್ ಒಂದು ಪಾಲು), ಅದರಲ್ಲಿ ತಪ್ಪಿಲ್ಲ. ದಯವಿಟ್ಟು ಪರಿಹಾರ ತಿಳಿಸಿ.

ಕೊಡಚಾದ್ರಿ:
ಆಷಾಢದ ಮಳೆಯಲ್ಲಿ ಎಪಾಕ್ಸಿ ಸುರಿದವರು ನೀವೊಬ್ಬರೇ ಇರಬೇಕು. ಇದು ಥಂಡಿಯ ಕಾಟವಲ್ಲದೆ ಬೇರೇನೂ ಅಲ್ಲ. ಉಷ್ಣತೆ ಹತ್ತು ಡಿಗ್ರಿ ಇಳಿದರೆ ಗಟ್ಟಿಯಾಗುವ ವೇಗ ಹೆಚ್ಚುಕಡಿಮೆ ಅರ್ಧಕ್ಕಿಳಿಯುತ್ತದೆ. ಟೀಪಾಯಿಯ ಸುತ್ತ ಟಾರ್ಪಾಲಿನ ಗೂಡು ಕಟ್ಟಿ, ಒಳಗೆ ಎರಡು ಹಳೆಯ ಕಾಲದ ನೂರು ವಾಟ್ ಬಲ್ಬು ಉರಿಸಿ, ಎರಡು ದಿನ ಮುಟ್ಟದೆ ಬಿಡಿ.

ತುಂಗಾತೀರ:
ತಾವು ಹೇಳಿದಂತೆಯೇ ಮಾಡಿದೆ. ಗೂಡಿನೊಳಗೆ 34 ಡಿಗ್ರಿ ಇತ್ತು. ಎರಡು ದಿನದ ನಂತರವೂ ಉಗುರು ಊರಿದರೆ ಗುಳಿ ಬೀಳುತ್ತದೆ, ಹಳೆಯ ರಬ್ಬರಿನಂತೆ ನಿಧಾನವಾಗಿ ಮೇಲೆ ಬರುತ್ತದೆ.

ಕೊಡಚಾದ್ರಿ:
ಹಾಗಾದರೆ ಮರವೇ ಹಸಿಯಿರಬೇಕು. ನನ್ನ ಕೆಲಸದ ಕೋಣೆಯಲ್ಲಿ ತೇವ ಹೀರುವ ಯಂತ್ರವಿದೆ; ಮಳೆಗಾಲದಲ್ಲೂ ಗಾಳಿಯ ತೇವಾಂಶ ಶೇ. 50 ದಾಟುವುದಿಲ್ಲ. ಇನ್ನೂ ಮೂರು ದಿನ ಬಲ್ಬು ಉರಿಸಿ ನೋಡಿ.

ಮಲ್ಪೆ ಬಂದರು:
ಇಷ್ಟೆಲ್ಲ ಯಾಕೆ ಮಾರಾಯ್ರೆ. ಮೇಲಿಂದ ಒಂದಿಷ್ಟು ಹಾರ್ಡ್ನರ್ ಸವರಿಬಿಡಿ. ದೋಣಿಯ ಫೈಬರ್ ಕೆಲಸದಲ್ಲಿ ಬೇಗ ಆಗಬೇಕಿದ್ದರೆ ನಾವು ನಾಲ್ಕು ಹನಿ ಹೆಚ್ಚು ಹಾಕುತ್ತೇವೆ.

ಸೀಸದಕಡ್ಡಿ:
ದಯವಿಟ್ಟು ಹಾಗೆ ಮಾಡಬೇಡಿ. ದೋಣಿಗೆ ಬಳಸುವುದು ಸಾಮಾನ್ಯವಾಗಿ ಪಾಲಿಯೆಸ್ಟರ್ ರಾಳ. ಅದಕ್ಕೆ ನೂರಕ್ಕೆ ಒಂದೆರಡು ಪಾಲು ಬೀಳುವ ದ್ರವ ಕೇವಲ ಕ್ರಿಯೆಗೆ ಚಾಲನೆ ಕೊಡುತ್ತದೆ, ಆದ್ದರಿಂದ ಅಲ್ಲಿ ನಾಲ್ಕು ಹನಿಯ ಆಟ ನಡೆಯುತ್ತದೆ. ಎಪಾಕ್ಸಿಯಲ್ಲಿ ಹಾರ್ಡ್ನರ್‌ನ ಕಣಗಳು ರಾಳದ ಕಣಗಳೊಂದಿಗೆ ತಾವೇ ಹೆಣೆದುಕೊಳ್ಳಬೇಕು, ಮತ್ತು ಜೋಡಿ ಸಿಗದೆ ಉಳಿದ ಹಾರ್ಡ್ನರ್ ಎಷ್ಟು ದಿನ ಕಾಯಿಸಿದರೂ ಒಳಗೆ ಮೆತ್ತಗೆಯೇ ಉಳಿಯುತ್ತದೆ.

ಮಲ್ಪೆ ಬಂದರು:
ಇಪ್ಪತ್ತು ವರ್ಷದಿಂದ ದೋಣಿ ರಿಪೇರಿ ಮಾಡುತ್ತಿದ್ದೇನೆ ಮೇಡಂ. ಒಂದೂ ಸೋರಿಲ್ಲ.

ಸೀಸದಕಡ್ಡಿ:
ನಿಮ್ಮ ದೋಣಿಗಳ ಬಗ್ಗೆ ನನಗೆ ಅನುಮಾನವಿಲ್ಲ. ಇದು ಬೇರೆ ವಸ್ತು, ಅಷ್ಟೇ. ತುಂಗಾತೀರ ಅವರೇ, ಎರಡಕ್ಕೆ ಒಂದು ಎಂದಿರಿ. ಯಾವುದರಲ್ಲಿ ಅಳೆದಿರಿ? ಒಂದೇ ಬಾರಿ ಸುರಿದಿರೋ, ಎರಡು ಬಾರಿಯೋ?

ತುಂಗಾತೀರ:
ಎರಡು ಬಾರಿ. ಮರದ ರಂಧ್ರ ಮುಚ್ಚಲು ಮೊದಲು ತೆಳುವಾಗಿ ಬಳಿದೆ, ಅದು ಮರುದಿನವೇ ಕಲ್ಲಿನಂತಾಗಿತ್ತು. ಅದನ್ನು ಮಗುವಿನ ಔಷಧಿಯ ಅಳತೆ ಲೋಟದಲ್ಲಿ ಅಳೆದಿದ್ದೆ. ಎರಡನೆಯದಕ್ಕೆ ಆ ಲೋಟ ಸಾಲದೆ ಅಡುಗೆಮನೆಯ ತಕ್ಕಡಿಯಲ್ಲಿ 600 ಗ್ರಾಂ ರಾಳ, 300 ಗ್ರಾಂ ಹಾರ್ಡ್ನರ್ ತೂಗಿದೆ. ಇದನ್ನು ಹೇಳಬೇಕಾದ ವಿಷಯ ಎಂದು ನನಗೆ ಅನಿಸಿರಲಿಲ್ಲ.

ಸೀಸದಕಡ್ಡಿ:
ಡಬ್ಬಿಯಲ್ಲಿನ ಎರಡಕ್ಕೆ ಒಂದು ಎಂಬುದು ಗಾತ್ರದ ಲೆಕ್ಕವೋ ತೂಕದ ಲೆಕ್ಕವೋ ನೋಡಿ. ಗಾತ್ರದ್ದಾದರೆ ದೋಷ ಅಲ್ಲೇ ಇದೆ. ರಾಳ ಸಾಮಾನ್ಯವಾಗಿ ಮಿಲಿಲೀಟರಿಗೆ 1.15 ಗ್ರಾಂ ಆಸುಪಾಸು ತೂಗುತ್ತದೆ, ಹಾರ್ಡ್ನರ್ 0.97ರ ಆಸುಪಾಸು. 600 ಗ್ರಾಂ ರಾಳ ಎಂದರೆ ಸುಮಾರು 522 ಮಿಲಿಲೀಟರ್. ಅದಕ್ಕೆ ಬೇಕಾದ ಹಾರ್ಡ್ನರ್ 261 ಮಿಲಿಲೀಟರ್, ಅಂದರೆ 253 ಗ್ರಾಂ. ನೀವು ಹಾಕಿದ್ದು 300, ಹೆಚ್ಚುಕಡಿಮೆ ಶೇ. 19 ಅಧಿಕ. ಬಲ್ಬಿನ ಕಾವು ಇದನ್ನು ಸರಿಪಡಿಸಲಾರದು.

ತುಂಗಾತೀರ:
ನೋಡಿದೆ. ಅಂಚಿನಲ್ಲಿ ಸಣ್ಣ ಅಕ್ಷರದಲ್ಲಿ ‘ಗಾತ್ರದ ಪ್ರಕಾರ’ ಎಂದಿದೆ. ಕನ್ನಡಕ ಬೇಕಾಯಿತು. ಇದರ ಮೇಲೆಯೇ ಸರಿಯಾದ ಮಿಶ್ರಣ ಸುರಿಯಬಹುದೇ?

ಸೀಸದಕಡ್ಡಿ:
ಬೇಡ. ಕೆಸರಿನ ಮೇಲೆ ಸಿಮೆಂಟ್ ಹಾಕಿದಂತಾಗುತ್ತದೆ. ಕೂದಲು ಒಣಗಿಸುವ ಯಂತ್ರದಿಂದ ಸ್ವಲ್ಪ ಸ್ವಲ್ಪವೇ ಬಿಸಿ ಮಾಡುತ್ತ, ಚಪ್ಪಟೆ ಉಳಿಯನ್ನು ಬಹುತೇಕ ಮಲಗಿಸಿ ಹಿಡಿದು ಮೆತ್ತನೆಯ ಪದರವನ್ನು ಗೋರಿ ತೆಗೆಯಿರಿ. ಕೆಳಗಿನ ಗಟ್ಟಿ ಪದರ ಸಿಕ್ಕಿದಾಗ ಉಳಿಯ ಸದ್ದೇ ಬದಲಾಗುತ್ತದೆ, ಅಲ್ಲಿ ನಿಲ್ಲಿಸಿ. ಐಸೊಪ್ರೊಪೈಲ್ ಆಲ್ಕೋಹಾಲ್ ಬಟ್ಟೆಯಿಂದ ಒರೆಸಿ, ಪೂರ್ತಿ ಒಣಗಿದ ಮೇಲೆ 120 ನಂಬರಿನ ಉಪ್ಪುಕಾಗದದಿಂದ ಹೊಳಪು ಹೋಗುವವರೆಗೆ ಉಜ್ಜಿ. ಕೈಗವಸು ಬಿಡಬೇಡಿ, ಕೈಗೆ ತಾಗಿದರೆ ಥಿನ್ನರ್ ಅಲ್ಲ, ಸೋಪು. ಹೊಸ ಮಿಶ್ರಣವನ್ನು ಲೋಟದ ಗೋಡೆ, ತಳ ಕೆರೆಯುತ್ತ ಕಲಸಿ, ಇನ್ನೊಂದು ಪಾತ್ರೆಗೆ ಸುರಿದು ಮತ್ತೊಮ್ಮೆ ಕಲಸಿರಿ. ಖಾಲಿ ಲೋಟವನ್ನು ಹಲಗೆಯ ಮೇಲೆ ಬೋರಲು ಹಾಕಬೇಡಿ, ಗೋಡೆಗಂಟಿದ ಅರೆಬೆರೆತ ರಾಳ ಇಳಿದು ಅಷ್ಟೇ ಜಾಗ ಅಂಟಾಗಿ ಉಳಿಯುತ್ತದೆ.

ಕೊಡಚಾದ್ರಿ:
ಅಳತೆ ತಪ್ಪಿರಬಹುದು. ಆದರೂ ತೇವದ ಪಾಲು ಇದ್ದೇ ಇದೆ ಎಂಬುದು ನನ್ನ ಅಭಿಪ್ರಾಯ.

ತುಂಗಾತೀರ:
ಒಂದು ವಾರ ತಡವಾಗಿ ಬರೆಯುತ್ತಿದ್ದೇನೆ. ಗೋರುವುದಕ್ಕೇ ಎರಡು ಸಂಜೆ ಹಿಡಿಯಿತು. ಹೊಸ ಪದರ ಮೂರನೆಯ ದಿನಕ್ಕೆ ಗಟ್ಟಿಯಾಗಿದೆ, ಉಗುರು ಜಾರುತ್ತದೆ. ಆದರೆ ಕಿಟಕಿಯ ಕಡೆಯ ಅಂಚಿನಲ್ಲಿ, ಆ ರಾತ್ರಿ ಎರಚಲು ಬಡಿದ ಕಡೆ, ಮೇಣ ಸವರಿದಂತೆ ಬೆಳ್ಳಗಿನ ಜಿಡ್ಡು ಕೂತಿದೆ.

ಕೊಡಚಾದ್ರಿ:
ನಾನು ಹೇಳಿದ್ದು ಇದನ್ನೇ! ಗಾಳಿಯ ತೇವ ಮತ್ತು ಇಂಗಾಲದ ಡೈಆಕ್ಸೈಡ್ ಹಾರ್ಡ್ನರ್‌ನೊಡನೆ ಸೇರಿ ಆಗುವ ಜಿಡ್ಡು ಅದು.

ಸೀಸದಕಡ್ಡಿ:
ಇದರಲ್ಲಿ ಕೊಡಚಾದ್ರಿಯವರ ಮಾತು ಸರಿ. ಅದು ನೀರಿಗೆ ಕರಗುತ್ತದೆ. ಉಜ್ಜುವ ಮೊದಲು ಬೆಚ್ಚಗಿನ ನೀರಿನಲ್ಲಿ ತೊಳೆಯಿರಿ, ಇಲ್ಲವಾದರೆ ಉಪ್ಪುಕಾಗದ ಅದನ್ನು ಒಳಗೇ ತಿಕ್ಕುತ್ತದೆ.

ತುಂಗಾತೀರ:
ಬಿಸಿನೀರು, ಪಾತ್ರೆ ತಿಕ್ಕುವ ಹಸಿರು ನಾರು, ಎರಡು ಸಲ. ಹೋಯಿತು. ಹಾತೆಯ ಒಂದು ರೆಕ್ಕೆ ಮಾತ್ರ ಗೋರುವಾಗ ಕೆಳಗಿನ ಗಟ್ಟಿ ಪದರಕ್ಕೆ ಅಂಟಿಕೊಂಡು ಹೊಸ ಪದರದ ಒಳಗೆ ಉಳಿದಿದೆ. ಮನೆಯವರು ಅದನ್ನು ಹಾಗೆಯೇ ಬಿಡಿ ಎಂದಿದ್ದಾರೆ.