ಏರ್‌ಪೋರ್ಟ್‌ಗೆ ಬರೀ 20 ನಿಮಿಷ

ನಮ್ಮ ಮನೆಯ ವಾಟ್ಸಾಪ್ ಗುಂಪಿಗೆ ನಾನು ಅಡ್ಮಿನ್. ಬೇಕು ಅಂತ ಆದದ್ದಲ್ಲ. ಅಜ್ಜಿಯ ತಿಥಿಗೆ ಅಡುಗೆಯವರ ನಂಬರ್ ಹಂಚೋಕೆ ಗುಂಪು ಮಾಡಿದ್ದೆ. ತಿಥಿ ಮುಗಿಯಿತು, ಗುಂಪು ಉಳಿಯಿತು. ಬೆಳಗ್ಗೆ ಅತ್ತೆಯ ದೇವರ ಫೋಟೊ, ರಾತ್ರಿ ದೊಡ್ಡಪ್ಪನ ಆರೋಗ್ಯ ಸಲಹೆ. ನಡುವೆ ಎಲ್ಲ ಶಾಂತ. ಕಳೆದ ಶನಿವಾರ ಮಾತ್ರ ನಾನು ಸ್ನಾನ ಮಾಡಿ ಬರುವಷ್ಟರಲ್ಲಿ 84 ಮೆಸೇಜ್ ಬಂದಿದ್ದವು. ಯಾರಿಗೋ ಏನೋ ಆಯಿತು ಅಂತ ಎದೆ ಧಸಕ್ ಅಂದಿತು. ನೋಡಿದರೆ ವಿಷಯ ಇನ್ನೂ ಅಂಗಡಿಗೇ ಬರದ ಒಂದು ಗೇಮ್ ಕನ್ಸೋಲ್, ಅಂದರೆ ಟಿವಿಗೆ ಹಾಕಿ ಆಡುವ ಡಬ್ಬ.

ಶುರು ಮಾಡಿದವರು ಚಿಕ್ಕಪ್ಪ. ಅವರು ಹಾಕಿದ ಫಾರ್ವರ್ಡ್ ಮೇಲೆ ಎರಡು ಬಾಣದ ಗುರುತು ಇತ್ತು. ಅಂದರೆ ಊರೆಲ್ಲ ಸುತ್ತಿ ಬಂದ ಸರಕು.

“ಮುಂದಿನ ಪ್ಲೇಸ್ಟೇಷನ್ ಈಗಿನದಕ್ಕಿಂತ 10 ಪಟ್ಟು ಪವರ್‌ಫುಲ್!! ಸಿನಿಮಾ ಯಾವುದು, ಗೇಮ್ ಯಾವುದು ಗೊತ್ತಾಗಲ್ಲ. ಈಗ ಕೊಂಡರೆ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ. ಎಲ್ಲ ತಂದೆತಾಯಿಗಳಿಗೂ ತಲುಪಿಸಿ.”

ಅದರ ಕೆಳಗೆ ಚಿಕ್ಕಪ್ಪನ ಸ್ವಂತ ಸಾಲು: “ನೋಡಿ. ನಾನು ಹೇಳ್ತಾನೇ ಇದ್ದೆ.”

ಇದು ಗ್ರಾಫಿಕ್ಸ್ ವಿಷಯ ಅಲ್ಲ ಅಂತ ಗುಂಪಿನಲ್ಲಿ ಎಲ್ಲರಿಗೂ ಗೊತ್ತು. ಚಿಕ್ಕಪ್ಪನ ಮಗ ಚಿಂಟು ಒಂಬತ್ತನೇ ಕ್ಲಾಸು. ಯುಗಾದಿಯಿಂದ ಪಿಎಸ್5, ಅಂದರೆ ಈಗಿನ ಪ್ಲೇಸ್ಟೇಷನ್, ಬೇಕು ಅಂತ ಪ್ರಾಣ ತಿನ್ನುತ್ತಿದ್ದಾನೆ. ಚಿಕ್ಕಪ್ಪ ‘ನೋಡೋಣ’ ಅನ್ನುತ್ತಾ ದಿನ ತಳ್ಳುತ್ತಿದ್ದರು. ಅವರಿಗೊಂದು ಕಾರಣ ಬೇಕಿತ್ತು, ಸಿಕ್ಕಿತು. ಅದನ್ನು ಮಗನಿಗೆ ಹೇಳುವ ಬದಲು ಗುಂಪಿಗೆ ಹಾಕಿದರು, ಅಷ್ಟೆ.

ಪುಟ್ಟಿ ದೊಡ್ಡಪ್ಪನ ಮಗಳು. ವೈಟ್‌ಫೀಲ್ಡ್‌ನಲ್ಲಿ ಚಿಪ್ ಟೆಸ್ಟಿಂಗ್ ಕೆಲಸ. ಗುಂಪಿನಲ್ಲಿ ಯಾರು ಏನೇ ಹಾಕಲಿ, ಅರಿಶಿನದ ಕಷಾಯ ಆಗಲಿ, ಗ್ರಹಣದ ಹೊತ್ತು ಆಗಲಿ, ಅವಳದು ಒಂದೇ ಪ್ರಶ್ನೆ.

ಪುಟ್ಟಿ: ಸೋರ್ಸ್ ಏನು ಚಿಕ್ಕಪ್ಪ?

ಚಿಕ್ಕಪ್ಪ: ಎಲ್ಲಾ ಕಡೆ ಬಂದಿದೆ ಕಣಮ್ಮ.

ಪುಟ್ಟಿ: ಎಲ್ಲಾ ಕಡೆ ಅಂದ್ರೆ ಎಲ್ಲಿ?

ಚಿಕ್ಕಪ್ಪ: ಎದುರುಮನೆ ಹುಡುಗ ಚಿಪ್ ಕಂಪನೀಲಿ ಇದಾನೆ. ಅವನೇ ಕಳಿಸಿದ್ದು.

ಪುಟ್ಟಿ: ಅಲ್ಲಿ ಅವನು ಏನು ಮಾಡ್ತಾನೆ?

ಉತ್ತರ ಚಿಕ್ಕಮ್ಮನಿಂದ ಬಂತು: “ಕ್ಯಾಂಟೀನ್ ಬಿಲ್ ನೋಡ್ಕೋತಾನೆ.”

ಇಲ್ಲಿಗೆ ಮುಗಿಯಬೇಕಿತ್ತು. ಆದರೆ ಪುಟ್ಟಿಗೆ ಗೆದ್ದ ಮೇಲೂ ಸಮಾಧಾನ ಇರುವುದಿಲ್ಲ. ಒಂದು ಉದ್ದದ ಮೆಸೇಜ್ ಬರೆದಳು. 2025ರ ಅಕ್ಟೋಬರ್‌ನಲ್ಲಿ ಪ್ಲೇಸ್ಟೇಷನ್ ವಿನ್ಯಾಸ ಮಾಡುವ ಸೋನಿಯ ಮಾರ್ಕ್ ಸರ್ನಿ ಮತ್ತು ಅದಕ್ಕೆ ಚಿಪ್ ಮಾಡಿಕೊಡುವ ಎಎಂಡಿಯ ಒಬ್ಬ ಹಿರಿಯ ಅಧಿಕಾರಿ ಒಂದು ವಿಡಿಯೊದಲ್ಲಿ ಮುಂದಿನ ತಂತ್ರಜ್ಞಾನದ ಬಗ್ಗೆ ಮಾತಾಡಿದ್ದಾರೆ. ಬೆಳಕು ಎಲ್ಲಿ ಬಿದ್ದು ಎಲ್ಲಿ ಪುಟಿಯುತ್ತೆ ಅನ್ನುವ ಲೆಕ್ಕಕ್ಕೇ ಚಿಪ್‌ನಲ್ಲಿ ಬೇರೆ ಭಾಗ. ಮೆಮೊರಿಗೆ ಹೋಗಿ ಬರುವ ಡೇಟಾವನ್ನು ಒತ್ತಿ ಚಿಕ್ಕದು ಮಾಡುವ ಉಪಾಯ. ಇದೆಲ್ಲ ಸದ್ಯಕ್ಕೆ ಸಿಮ್ಯುಲೇಶನ್‌ನಲ್ಲಿ, ಅಂದರೆ ಕಂಪ್ಯೂಟರ್ ಒಳಗಿನ ಅಣಕು ಪರೀಕ್ಷೆಯಲ್ಲಿ ಮಾತ್ರ ಇದೆ, ಕನ್ಸೋಲಿಗೆ ಬರೋಕೆ ಇನ್ನೂ ಕೆಲವು ವರ್ಷ ಅಂತ ಸರ್ನಿಯೇ ಅದರಲ್ಲಿ ಹೇಳಿದ್ದಾರೆ. “10 ಪಟ್ಟು ಅನ್ನೋ ಮಾತೇ ಅದರಲ್ಲಿ ಇಲ್ಲ ಚಿಕ್ಕಪ್ಪ. ಒಂಬತ್ತು ನಿಮಿಷದ ವಿಡಿಯೊ ಕೂಡ ನೋಡದೆ ಫಾರ್ವರ್ಡ್ ಮಾಡ್ತೀರಲ್ಲ.”

ಕೊನೇ ವಾಕ್ಯ ಬೇಡವಾಗಿತ್ತು. ಮೇಲಿನದನ್ನು ಯಾರೂ ಓದಲಿಲ್ಲ, ಅದನ್ನು ಮಾತ್ರ ಎಲ್ಲರೂ ಓದಿದರು.

ಶಿವಮೊಗ್ಗದ ಅತ್ತೆ: ಪುಟ್ಟಿ, ದೊಡ್ಡವರ ಹತ್ರ ಹೀಗೆಲ್ಲ ಮಾತಾಡಬಾರದು.

ದೊಡ್ಡಪ್ಪ: ಕೂಸು ಹುಟ್ಟೋಕೆ ಮುಂಚೆ ಕುಲಾವಿ ಹೊಲಿಸಿದ್ರಂತೆ. ನೀವಿಬ್ಬರೂ ಈಗ ಕುಲಾವಿ ಬಣ್ಣಕ್ಕೆ ಜಗಳ ಆಡ್ತಿದೀರಿ. ನಮಗೆ ಗೋಲಿ, ಬುಗುರಿ ಇತ್ತು. ಗ್ರಾಫಿಕ್ಸ್ ಏನೂ ಕಮ್ಮಿ ಇರಲಿಲ್ಲ.

ದೊಡ್ಡಪ್ಪ ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರಾಗಿದ್ದವರು. ಗೋಲಿ ಅನ್ನೋ ಮಾತು ಬಂದದ್ದೇ ತಡ, ಗುಂಡಣ್ಣ ಎದ್ದ. ಗುಂಡಣ್ಣ ಅತ್ತೆಯ ಮಗ, ನಮ್ಮೆಲ್ಲರಿಗಿಂತ ದೊಡ್ಡವನು. ಈಗಿನ ವಿಷಯ ಅವನಿಗೆ ರುಚಿಸುವುದೇ ಇಲ್ಲ, 1996ಕ್ಕೆ ಹೋಗುವ ಬಸ್ಸು ಎಲ್ಲಿ ನಿಂತರೂ ಹತ್ತುತ್ತಾನೆ.

ಗುಂಡಣ್ಣ: ಟಿವಿಗೆ ಹಾಕ್ತಿದ್ದ ವಿಡಿಯೊ ಗೇಮ್ ನೆನಪಿದೆಯಾ? ಕ್ಯಾಸೆಟ್ ತೆಗೆದು ಉಫ್ ಅಂತ ಊದಿ ಹಾಕಿದ್ರೆ ಓಡ್ತಿತ್ತು. ಮಾರಿಯೊ, ಕಾಂಟ್ರಾ. ಬೇಸಿಗೆ ರಜ ಪೂರ್ತಿ ಅಜ್ಜಿ ಮನೆ ಹಾಲಲ್ಲಿ. ಆಹಾ.

ಗುಂಡಣ್ಣ: ಕ್ಯಾಸೆಟ್ ಮೇಲೆ 9999999 ಇನ್ 1 ಅಂತ ಬರೆದಿರ್ತಿತ್ತು. ಒಳಗೆ ಐದಾರು ಆಟ. ಅದನ್ನೇ ಹೆಸರು ಬದಲಾಯಿಸಿ ತುಂಬಿರೋರು 😂

ಗುಂಡಣ್ಣ: ಆ ಹಳದಿ ಕ್ಯಾಸೆಟ್ ಮಾತ್ರ ನನಗೆ ವಾಪಸ್ ಬರಲೇ ಇಲ್ಲ. ಯಾರು ತಗೊಂಡು ಹೋದ್ರು ಅಂತ ನನಗೆ ಗೊತ್ತು. ಹೆಸರು ಹೇಳಲ್ಲ.

ತೆಗೆದುಕೊಂಡು ಹೋದವಳು ನಾನೇ. ಕ್ಯಾಸೆಟ್ ಈಗಲೂ ನಮ್ಮ ಅಮ್ಮನ ಮನೆ ಅಟ್ಟದಲ್ಲಿ ಇರಬೇಕು. ಆದರೆ ಅವತ್ತು ಒಟ್ಟು ಬಂದ 184 ಮೆಸೇಜ್‌ಗಳಲ್ಲಿ ವಿಷಯಕ್ಕೆ ನೇರವಾಗಿ ತಾಗಿದ ಮಾತು ಗುಂಡಣ್ಣನ ಆ 9999999 ಒಂದೇ. ಡಬ್ಬದ ಮೇಲಿನ ಅಂಕಿ ಒಂದು, ಒಳಗಿನ ಆಟ ಇನ್ನೊಂದು. ಅವನಿಗೂ ಅದು ಹೊಳೆಯಲಿಲ್ಲ, ಬೇರೆಯವರಂತೂ ಹಳದಿ ಕ್ಯಾಸೆಟ್ ಕಳ್ಳಿಯನ್ನು ಹುಡುಕೋದರಲ್ಲಿದ್ದರು.

ಪುಟ್ಟಿ ಬಿಡಲಿಲ್ಲ. 2005ರಲ್ಲಿ ಪಿಎಸ್3 ಬರೋಕೆ ಮುಂಚೆ ಲಾಸ್ ಏಂಜಲೀಸ್‌ನ ಇ3 ಗೇಮ್ ಮೇಳದಲ್ಲಿ ಕಿಲ್‌ಜೋನ್ ಆಟದ ವಿಡಿಯೊ ತೋರಿಸಿದರು. ಜನ ಬಾಯಿ ಬಿಟ್ಟುಕೊಂಡು ನೋಡಿದರು. ಅದು ಕನ್ಸೋಲಿನಲ್ಲಿ ಓಡಿದ್ದಲ್ಲ, ಮೊದಲೇ ರೆಂಡರ್ ಮಾಡಿ, ಅಂದರೆ ಸಿನಿಮಾದ ಹಾಗೆ ತಯಾರಿಸಿ ಇಟ್ಟದ್ದು. ಆಟ ಕೈಗೆ ಸಿಕ್ಕಿದ್ದು 2009ರಲ್ಲಿ. ಅದಕ್ಕೂ ಹಿಂದೆ, 2000ದಲ್ಲಿ, ಪಿಎಸ್2 ಎಷ್ಟು ಶಕ್ತಿಶಾಲಿ ಅಂದರೆ ಕ್ಷಿಪಣಿಗೂ ಬಳಸಬಹುದು ಅಂತ ಜಪಾನ್ ಸರ್ಕಾರ ಅದರ ರಫ್ತಿಗೆ ನಿಯಂತ್ರಣ ಹಾಕಿತ್ತು. ಆಮೇಲೆ ನಮ್ಮ ಓಣಿಯ ಹುಡುಗರೆಲ್ಲ ಅದರಲ್ಲಿ ಕ್ರಿಕೆಟ್ ಆಡಿದರು.

ದೊಡ್ಡಪ್ಪ: ಕ್ಷಿಪಣಿ? ಮಕ್ಕಳ ಕೈಗೆ ಇಂಥದ್ದು ಕೊಡ್ತಾರಾ? ಅದಕ್ಕೇ ಹೇಳೋದು.

ಪುಟ್ಟಿ: ಅಪ್ಪಾ! ನಾನು ಹೇಳಿದ್ದು ಉಲ್ಟಾ!

ಚಿಕ್ಕಪ್ಪನಿಗೆ ಈಗ ಸ್ವಲ್ಪ ಬಲ ಬಂತು. “ಟೆರಾಫ್ಲಾಪ್ ಅಂತ ಲೆಕ್ಕ ಇದೆಯಮ್ಮ, ಚಿಪ್ ಸೆಕೆಂಡಿಗೆ ಎಷ್ಟು ಲಕ್ಷ ಕೋಟಿ ಲೆಕ್ಕ ಮಾಡುತ್ತೆ ಅಂತ. ಲೆಕ್ಕ ಸುಳ್ಳು ಹೇಳುತ್ತಾ?”

ಲೆಕ್ಕ ಅಂದದ್ದು ತಪ್ಪಾಯಿತು. ಪುಟ್ಟಿ ಸಾಲಾಗಿ ಬರೆದು ಹಾಕಿದಳು. ಪಿಎಸ್5 ಒಳಗೆ 36 ಕಂಪ್ಯೂಟ್ ಯೂನಿಟ್. ಒಂದೊಂದರಲ್ಲಿ ಲೆಕ್ಕ ಮಾಡುವ 64 ಸಣ್ಣ ಭಾಗ. ಒಂದೊಂದು ಭಾಗವೂ ಒಂದು ಬಡಿತಕ್ಕೆ ಒಂದು ಗುಣಾಕಾರ, ಒಂದು ಕೂಡುವುದು, ಅಂದರೆ 2. ಬಡಿತದ ವೇಗ 2.23 ಗಿಗಾಹರ್ಟ್ಸ್, ಅಂದರೆ ಸೆಕೆಂಡಿಗೆ 223 ಕೋಟಿ ಬಡಿತ. “ಇಷ್ಟನ್ನೂ ಗುಣಿಸಿದ್ರೆ 10.28 ಟೆರಾಫ್ಲಾಪ್. ಆಟ ಹೇಗೆ ಕಾಣುತ್ತೆ ಅಂತ ಇದರಲ್ಲಿ ಎಲ್ಲೂ ಇಲ್ಲ.”

ಇಪ್ಪತ್ತು ನಿಮಿಷ ಗುಂಪು ಸುಮ್ಮನಿತ್ತು. ಆಮೇಲೆ ದೊಡ್ಡಪ್ಪನಿಂದ ಒಂದು ಫೋಟೊ. ಹಳೇ ಕ್ಯಾಲೆಂಡರ್ ಹಾಳೆಯ ಹಿಂಭಾಗ, ನೀಲಿ ಇಂಕು, ಮೇಷ್ಟ್ರ ದುಂಡು ಅಕ್ಷರ. 36 ಗುಣಿಸು 64, 2304. ಗುಣಿಸು 2, 4608. ಗುಣಿಸು 2.23, 10275.84. ಭಾಗಿಸು 1000, 10.28. ಕೊನೇ ಉತ್ತರದ ಕೆಳಗೆ ಎರಡು ಗೆರೆ. ಮೂಲೆಯಲ್ಲಿ ಕಾಫಿ ಲೋಟದ ಗುಂಡನೆಯ ಕಲೆ.

ದೊಡ್ಡಪ್ಪ: ಗುಣಾಕಾರ ಸರಿ ಇದೆ. ವಿಷಯ ನನಗೆ ಗೊತ್ತಿಲ್ಲ.

ಆ ಗುಂಪಿನಲ್ಲಿ ನಾನು ನೋಡಿದ ಅತ್ಯಂತ ಪ್ರಾಮಾಣಿಕ ಮೆಸೇಜ್ ಅದು.

ಅಪ್ಪನ ಬೆಂಬಲ ಸಿಕ್ಕಿದ ಖುಷಿಗೆ ಪುಟ್ಟಿ ಇನ್ನೊಂದು ಲೆಕ್ಕ ಹಾಕಿದಳು. 2024ರಲ್ಲಿ ಪಿಎಸ್5ರ ಹೆಚ್ಚು ಶಕ್ತಿಯ ಮಾದರಿ ಪಿಎಸ್5 ಪ್ರೊ ಬರುವ ಮುಂಚೆ 33.5 ಟೆರಾಫ್ಲಾಪ್ ಅಂತ ಸುದ್ದಿ ಹಬ್ಬಿತ್ತು. ಬಂದ ಮೇಲೆ ನೋಡಿದರೆ 16.7, ಹೆಚ್ಚುಕಡಿಮೆ ಅರ್ಧ. ಪಿಎಸ್5 ಚಿಪ್‌ನ ನಂತರದ ತಲೆಮಾರಿನ ಎಎಂಡಿ ಚಿಪ್‌ಗಳಲ್ಲಿ ಎರಡೆರಡು ಕೆಲಸ ಜೋಡಿಯಾಗಿ ಕಳಿಸಬಹುದು. ಆಗ ಮೇಲಿನ ಲೆಕ್ಕದ 2 ಇದ್ದ ಜಾಗದಲ್ಲಿ 4 ಬರುತ್ತೆ. ಅದೇ 4ನ್ನು ಪ್ರೊ ಚಿಪ್‌ಗೂ ಹಾಕಿ ಗುಣಿಸಿಬಿಟ್ಟಿದ್ದರು. ಒಂದೇ ಒಂದು ಅಂಕಿ ಬದಲಾಗಿ ಶಕ್ತಿ ಎರಡು ಪಟ್ಟಾಯಿತು. ಅಷ್ಟು ಮಾಡಿ ಬಿಡುಗಡೆಯಾದಾಗ ಪ್ರೊ ನಮ್ಮ ದೇಶಕ್ಕೆ ಬರಲೇ ಇಲ್ಲ. ಕಾರಣ ಗ್ರಾಫಿಕ್ಸ್ ಅಲ್ಲ, ವೈಫೈ. ಅದು ಬಳಸುವ 6 ಗಿಗಾಹರ್ಟ್ಸ್ ತರಂಗಕ್ಕೆ ಇಲ್ಲಿ ಆಗ ಅನುಮತಿ ಇರಲಿಲ್ಲ.

ಚಿಕ್ಕಪ್ಪ: ಅಂದ್ರೆ ಲೆಕ್ಕ ಸರಿ, ಸುದ್ದಿ ತಪ್ಪು ಅಂತೀಯಾ?

ಆಗ ಚಿಕ್ಕಮ್ಮ ಎರಡನೇ ಸಲ ಬಾಯಿ ಬಿಟ್ಟರು.

ಚಿಕ್ಕಮ್ಮ: ನಮ್ಮ ಸೈಟ್ ಇದೆಯಲ್ಲ ರೀ, ಹಾಗೆ.

ಇಲ್ಲಿ ಹೊರಗಿನವರಿಗೆ ಸ್ವಲ್ಪ ಹೇಳಬೇಕು. ದೇವನಹಳ್ಳಿ ಏರ್‌ಪೋರ್ಟ್ ಶುರುವಾದದ್ದು 2008ರ ಮೇನಲ್ಲಿ. ಅದರ ಹಿಂದಿನ ವರ್ಷ ಚಿಕ್ಕಪ್ಪ ದೊಡ್ಡಬಳ್ಳಾಪುರದ ಆಚೆ ಒಂದು ಸೈಟ್ ಕೊಂಡರು. ನುಣುಪು ಕಾಗದದ ಬ್ರೋಶರ್ ಮೇಲೆ ‘ಏರ್‌ಪೋರ್ಟ್‌ಗೆ ಬರೀ 20 ನಿಮಿಷ’ ಅಂತ ಇತ್ತು. ಏರ್‌ಪೋರ್ಟೂ ಇಲ್ಲ, ರಸ್ತೆಯೂ ಇಲ್ಲ, ನಿಮಿಷ ಮಾತ್ರ ಪಕ್ಕಾ. ಮೊದಲ ಸಲ ನಾವೆಲ್ಲ ಕಾರಿನಲ್ಲಿ ಹೋದಾಗ ಒಂದೂಕಾಲು ಗಂಟೆ ಹಿಡಿಯಿತು. ಲಾರಿಗಳ ಹಿಂದೆ ಧೂಳು ಕುಡಿಯುತ್ತಾ ಚಿಕ್ಕಪ್ಪ ಹೇಳಿದ ಮಾತು ಮನೆಯಲ್ಲಿ ಗಾದೆಯೇ ಆಗಿದೆ: “ರಾತ್ರಿ ಎರಡು ಗಂಟೆಗೆ ಬಂದ್ರೆ 20 ನಿಮಿಷವೇ.”

ಆವತ್ತಿನಿಂದ ಚಿಕ್ಕಪ್ಪ ಯಾವುದನ್ನೂ ಬೇಗ ಕೊಳ್ಳುವುದಿಲ್ಲ. ಫ್ರಿಜ್ಜಿಗೂ ಎರಡು ದೀಪಾವಳಿ ಕಾದರು. ವಿಚಿತ್ರ ಅಂದರೆ, ಕೊಳ್ಳೋದು ಬಿಟ್ಟರೇ ಹೊರತು ಬ್ರೋಶರ್ ನಂಬೋದು ಬಿಡಲಿಲ್ಲ. ಆಗ ಅದನ್ನು ನಂಬಿ ಸೈಟ್ ತಗೊಂಡರು, ಈಗ ಅದನ್ನೇ ನಂಬಿ ಕನ್ಸೋಲ್ ಬೇಡ ಅಂತಿದ್ದಾರೆ.

ಪುಟ್ಟಿ: ಚಿಕ್ಕಮ್ಮಾ, ಸೂಪರ್! ಟೆರಾಫ್ಲಾಪ್ ಅಂದ್ರೆ ಅದೇ, ರಾತ್ರಿ ಎರಡು ಗಂಟೆಯ ರಸ್ತೆ. ಎಲ್ಲಾ ಸಿಗ್ನಲ್ ಹಸಿರು, ಅಡ್ಡ ಒಂದು ಹಸುವೂ ಇಲ್ಲ. ಮೈಕ್ರೋಸಾಫ್ಟ್‌ನ ಕನ್ಸೋಲ್ ಎಕ್ಸ್‌ಬಾಕ್ಸ್ ಸೀರೀಸ್ ಎಕ್ಸ್‌ಗೆ 12 ಟೆರಾಫ್ಲಾಪ್, ಪಿಎಸ್5ಗೆ 10.28. ಕಾಗದದ ಮೇಲೆ ಎಕ್ಸ್‌ಬಾಕ್ಸ್ ಗೆಲ್ಲಬೇಕು. ಪಕ್ಕಪಕ್ಕ ಇಟ್ಟು ಆಡಿಸಿದ್ರೆ ಎಷ್ಟೋ ಆಟದಲ್ಲಿ ವ್ಯತ್ಯಾಸವೇ ಕಾಣಲ್ಲ, ಕೆಲವು ಸಲ ಪಿಎಸ್5 ಮುಂದೆ. ಮೆಮೊರಿಯಿಂದ ಡೇಟಾ ಬರೋದು ತಡ ಆದ್ರೆ ಅಷ್ಟೂ ಯೂನಿಟ್ ಸಿಲ್ಕ್ ಬೋರ್ಡ್ ಸಿಗ್ನಲ್ ಟ್ರಾಫಿಕ್ಕಲ್ಲಿ ಇಂಜಿನ್ ಆಫ್ ಮಾಡ್ಕೊಂಡು ನಿಂತಿರುತ್ತೆ.

ಸಿಲ್ಕ್ ಬೋರ್ಡ್ ಅಂದರೆ ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ಮೊದಲ ಬಾರಿಗೆ ವಿಷಯ ಎಲ್ಲರಿಗೂ ಅರ್ಥವಾಯಿತು. ಅರ್ಥವಾದ ಕೂಡಲೇ ಅದನ್ನು ಬಿಟ್ಟು ಸೈಟಿನ ಮೇಲೆ ಬಿದ್ದರು.

ದೊಡ್ಡಪ್ಪ: ಉಲ್ಲಾಳದಲ್ಲಿ ತಗೋ ಅಂತ ನಾನು ಆವಾಗಲೇ ಹೇಳಿದ್ದೆ.

ಚಿಕ್ಕಪ್ಪ: ನೀನು ಹೇಳಿದ್ದು ಅಡ್ವಾನ್ಸ್ ಕೊಟ್ಟ ಮೇಲೆ ಅಣ್ಣ.

ಶಿವಮೊಗ್ಗದ ಅತ್ತೆ: ಆ ಅಡ್ವಾನ್ಸ್‌ಗೆ ನನ್ನ ಬಳೆ ಅಡ ಇಟ್ಟಿದ್ದು ಯಾರಿಗಾದ್ರೂ ನೆನಪಿದೆಯಾ?

ಯಾರಿಗೂ ನೆನಪಿರಲಿಲ್ಲ, ಅಥವಾ ಎಲ್ಲರಿಗೂ ಇತ್ತು. ಗುಂಡಣ್ಣ ಹಳೇ ಅಜ್ಜಿ ಮನೆಯ ಫೋಟೊ ಹಾಕಿದ. ಎಲ್ಲರೂ ಅದಕ್ಕೆ ಹಾರ್ಟ್ ಒತ್ತಿದರು. ಅತ್ತೆ ಮಾತ್ರ ಒತ್ತಲಿಲ್ಲ.

ರಾತ್ರಿ ಹನ್ನೊಂದೂವರೆಗೆ ನನ್ನ ಫೋನ್ ಮತ್ತೆ ಮಿಣುಕಿತು. ಗುಂಪಿನಲ್ಲಿ ಅಲ್ಲ, ನೇರ ನನಗೆ. ಚಿಕ್ಕಪ್ಪ.

“ಎಸ್.ಪಿ. ರೋಡಲ್ಲಿ ನಿನ್ನ ಪರಿಚಯದ ಅಂಗಡಿ ಇದೆಯಲ್ಲ. ಈಗಿನದು ಎಷ್ಟು ಅಂತ ಕೇಳಿ ನೋಡು. ಗ್ರೂಪಲ್ಲಿ ಹಾಕ್ಬೇಡ.”

ಅರ್ಧ ನಿಮಿಷ ಬಿಟ್ಟು ಇನ್ನೊಂದು: “ಆ ಹಳದಿ ಕ್ಯಾಸೆಟ್ ವಿಷಯ ನಾನೂ ಯಾರಿಗೂ ಹೇಳಲ್ಲ.”